ತಲೆಯ ಕಡೆ ಯಾರು

ಮೈದುನನಿಗೆ ಇನ್ನೂ ಮದುವೆಯೇ ಆಗಿರಲಿಲ್ಲ, ಮನೆಯಲ್ಲಿದ್ದ ಸೊಸೆ ಅವಳೊಬ್ಬಳೇ. ಆದರೂ ಅತ್ತೆ ಅವಳನ್ನು ಮೊದಲ ದಿನದಿಂದಲೇ ಹಿರಿಸೊಸೆ ಎಂದು ಕರೆದರು. ಮುಂದೆ ಇನ್ನೊಬ್ಬಳು ಬಂದೇ ಬರುತ್ತಾಳೆ, ಹುಷಾರಾಗಿರು ಎಂದು ಆಗಲೇ ಎಚ್ಚರಿಸಿದಂತಿತ್ತು ಅದು. ಹಿರಿಸೊಸೆ ಆಗ ನಕ್ಕುಬಿಟ್ಟಿದ್ದಳು.

ಆಂಬುಲೆನ್ಸ್ ಕೇಂದ್ರಕ್ಕೆ ಅವಳು ಸೇರಿದ್ದು ಗಾಡಿ ತೊಳೆಯುವ ಕೆಲಸಕ್ಕೆ. ಪೈಪು ಹಿಡಿದು ಚಕ್ರದ ಕೆಸರು ಬಿಡಿಸುವುದು, ಒಳಗಿನ ನೆಲ ಒರೆಸುವುದು, ಸ್ಟ್ರೆಚರಿನ ಹಾಸಿಗೆಯನ್ನು ಔಷಧಿ ನೀರಿನಲ್ಲಿ ಉಜ್ಜುವುದು, ಇಷ್ಟೇ. ಒಂದು ಮಧ್ಯಾಹ್ನ ಕೇಂದ್ರದ ಅಂಗಳದಲ್ಲಿ ಸ್ಟ್ರೆಚರ್ ಎತ್ತುವ ಅಭ್ಯಾಸ ನಡೆಯುತ್ತಿತ್ತು. ಬರಬೇಕಾಗಿದ್ದ ಒಬ್ಬ ಅಟೆಂಡರ್ ಬಂದಿರಲಿಲ್ಲ. ತರಬೇತಿ ಕೊಡುವ ಮೇಷ್ಟ್ರು ಸುತ್ತಮುತ್ತ ನೋಡಿ, ಬಕೆಟ್ ಹಿಡಿದು ನಿಂತಿದ್ದ ಇವಳನ್ನು ಕರೆದರು.

“ಏನಮ್ಮಾ, ಸ್ವಲ್ಪ ಈ ಕಡೆ ಹಿಡೀತೀಯಾ?”

ಅವಳು ಕೈ ಒರೆಸಿಕೊಂಡು ಬಂದು, ಕುಕ್ಕರಗಾಲಲ್ಲಿ ಕೂತು, ಎದ್ದು ನಿಂತಳು. ಮರಳು ತುಂಬಿದ ಬೊಂಬೆ ಮಲಗಿದ್ದ ಸ್ಟ್ರೆಚರ್ ಅವಳ ಜೊತೆಗೇ ಮೇಲೆದ್ದಿತು. ಮೇಷ್ಟ್ರು ಹುಬ್ಬೇರಿಸಿದರು.

“ಬೆನ್ನು ಬಗ್ಗಿಸ್ದೆ ಎತ್ತಿದ್ಯಲ್ಲ, ಯಾರು ಹೇಳಿಕೊಟ್ರು?”

“ಯಾರೂ ಇಲ್ಲ ಸರ್. ಬಗ್ಗಿ ಬಕೆಟ್ ಎತ್ತಿದ್ರೆ ನೀರು ಕಾಲ ಮೇಲೆ ಚೆಲ್ಲುತ್ತೆ.”

ಅಲ್ಲಿಂದ ಶುರುವಾಯಿತು. ತರಬೇತಿಗೆ ಸೇರಿದಳು. ಮೊದಲನೇ ಪರೀಕ್ಷೆಯಲ್ಲಿ ಬೆರಳುಗಳ ಹಿಡಿತ ಅರ್ಧ ದಾರಿಯಲ್ಲೇ ಸಡಿಲವಾಗಿ ನಪಾಸಾದಳು. ಮನೆಗೆ ಬಂದು ಒದ್ದೆ ಬಟ್ಟೆ ಹಿಂಡಿ ಹಿಂಡಿ ಮುಂಗೈ ಗಟ್ಟಿ ಮಾಡಿಕೊಂಡಳು. ಅವಳು ಹಿಂಡಿದ ಬಟ್ಟೆಗೆ ಬಿಸಿಲೇ ಬೇಕಾಗಿಲ್ಲ ಎಂದು ಗಂಡ ತಮಾಷೆ ಮಾಡುತ್ತಿದ್ದ. ಎರಡನೇ ಸಲ ಪಾಸಾದಳು. ಸಮವಸ್ತ್ರ ಬಂತು. ಕೇಂದ್ರದಲ್ಲಿ ಸ್ಟ್ರೆಚರ್ ಎತ್ತುವ ಹೆಂಗಸು ಅವಳೊಬ್ಬಳೇ ಆದಳು. ಅಲ್ಲಿ ಎಲ್ಲರಿಗೂ ಅವಳು ಅಕ್ಕ. ತನಗಿಂತ ದೊಡ್ಡ ವಯಸ್ಸಿನ ಡ್ರೈವರ್ ಕೂಡ ಅಕ್ಕ ಎನ್ನುತ್ತಿದ್ದ. ಗಾಡಿ ಹೊರಟಾಗಿನಿಂದ ನಿಲ್ಲುವ ತನಕ ಬಾಯಿ ಮುಚ್ಚದ ಆ ಡ್ರೈವರಿಗೆ ಎಲ್ಲರೂ ಇಟ್ಟಿದ್ದ ಹೆಸರು ಮೌನಿ.

ಅವಳಿಗೆ ಎಲ್ಲಕ್ಕಿಂತ ಹೆಚ್ಚು ಸುಖ ಕೊಟ್ಟಿದ್ದು ಅತ್ತೆಯ ಮಾತು. ಅತ್ತೆ ತರಕಾರಿ ಅಂಗಡಿಯಲ್ಲಿ, ಹಾಲಿನವನ ಹತ್ತಿರ, ಬಾಗಿಲಿಗೆ ಬಂದ ಯಾರ ಹತ್ತಿರವಾದರೂ ಸರಿ, “ನಮ್ಮ ಹಿರಿಸೊಸೆ ಎಂಥಾ ಗಂಡಸನ್ನೂ ಮಗು ಥರ ಎತ್ತಿ ಗಾಡಿಗೆ ಹಾಕ್ತಾಳೆ” ಎನ್ನುತ್ತಿದ್ದರು. ಒಳಗಿನಿಂದ ಅದನ್ನು ಕೇಳಿಸಿಕೊಳ್ಳುತ್ತಾ ಈರುಳ್ಳಿ ಹೆಚ್ಚುವಾಗ ಹಿರಿಸೊಸೆಗೆ ಕಣ್ಣು ಉರಿಯುತ್ತಲೇ ಇರಲಿಲ್ಲ.

ಆಮೇಲೆ ಮೈದುನನಿಗೆ ಮದುವೆಯಾಯಿತು. ಕಿರಿಸೊಸೆ ಬಂದಳು.

ಬಾಗಿಲ ಚೌಕಟ್ಟಿಗೆ ತಲೆ ತಾಗದಂತೆ ಬಗ್ಗಿ ಒಳಗೆ ಬಂದ ಹುಡುಗಿ ಅವಳು. ಮದುವೆಗೆ ಮುಂಚೆ ಪೀಠೋಪಕರಣದ ಗೋದಾಮಿನಲ್ಲಿ ಕೆಲಸ ಮಾಡಿದ್ದಳಂತೆ. ಅಲ್ಲಿ ಗಂಡಸರ ಜೊತೆ ಸೇರಿ ಬೀರು, ಮಂಚ, ಮೇಜು ಎಲ್ಲ ಮಹಡಿಗೆ ಏರಿಸಿ ಇಳಿಸಿದ್ದವಳು. ಮಾತು ಕಡಿಮೆ. ಹೇಳಿದ ಕೆಲಸ ಮಾಡಿ ಮುಗಿಸಿ, ಮುಂದೇನು ಎಂದು ಮುಖ ನೋಡಿಕೊಂಡು ನಿಲ್ಲುತ್ತಿದ್ದಳು. ಹಿರಿಸೊಸೆಗೆ ಮೊದಮೊದಲು ಅವಳ ಮೇಲೆ ಪ್ರೀತಿಯೇ ಇತ್ತು. ಅಡುಗೆಮನೆಯ ಮೇಲಿನ ಅಟ್ಟದಿಂದ ಪಾತ್ರೆ ಇಳಿಸಲು ಇನ್ನು ಸ್ಟೂಲು ಬೇಕಾಗಲಿಲ್ಲ, ಅವಳನ್ನು ಕರೆದರೆ ಸಾಕಾಗಿತ್ತು.

ಒಂದು ದಿನ ಪಾತ್ರೆ ತೊಳೆಯುತ್ತಾ ಕಿರಿಸೊಸೆ ಕೇಳಿದಳು. “ಅಕ್ಕಾ, ನಿಮ್ಮ ಕೇಂದ್ರದಲ್ಲಿ ಜನ ಬೇಕಂತಲ್ಲ. ನಾನೂ ಬರ್ಲಾ?”

“ಬಾ, ಅದಕ್ಕೇನಂತೆ” ಎಂದಳು ಹಿರಿಸೊಸೆ. “ಆದ್ರೆ ಬೀರು ಎತ್ತಿದ ಹಾಗಲ್ಲ ಅದು, ನೋಡು. ಬೀರು ಅಯ್ಯೋ ಅಮ್ಮಾ ಅನ್ನಲ್ಲ. ಮೊದಲನೇ ಸಲ ಯಾರೂ ಪಾಸಾಗಲ್ಲ. ಬೇಜಾರು ಮಾಡ್ಕೋಬಾರದು ಅಷ್ಟೆ.”

ಬಾಯಲ್ಲಿ ಧೈರ್ಯ ಹೇಳಿದರೂ, ಅವಳು ನಪಾಸಾಗಿ ಬಂದಾಗ ಹೇಗೆ ಸಮಾಧಾನ ಮಾಡಬೇಕು ಎಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡು ಬಿಟ್ಟಿದ್ದಳು. ಆ ಮಾತುಗಳು ಕೆಲಸಕ್ಕೆ ಬರಲಿಲ್ಲ.

ಹೊಸಬರ ತರಬೇತಿ ಶುರುವಾದ ಬೆಳಿಗ್ಗೆ ಹಿರಿಸೊಸೆ ಗಾಡಿಯ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಮೇಷ್ಟ್ರು ಎಂದಿನಂತೆ ಸ್ಟ್ರೆಚರಿನ ಸುತ್ತ ನಡೆಯುತ್ತಾ ಹೇಳುತ್ತಿದ್ದರು.

“ತೋಳಿನ ಬಲ ನಂಬ್ಕೋಬೇಡಿ. ತೋಳು ಬರೀ ಕೊಕ್ಕೆ, ಎತ್ತೋದು ತೊಡೆ. ಕಾಲು ಅಗಲಿಸಿ, ಮಂಡಿ ಬಗ್ಗಿಸಿ, ಬೆನ್ನು ನೇರ. ಭಾರ ಮೈಗೆ ಅಂಟ್ಕೊಂಡಿರ್ಲಿ. ತಿರುಗಬೇಕಾದ್ರೆ ಪಾದ ತಿರುಗಿಸಿ, ಸೊಂಟ ತಿರುಚಬೇಡಿ. ತಲೆ ಕಡೆ ಇರೋರು ಹೇಳ್ತಾರೆ, ಕಾಲ ಕಡೆ ಇರೋರು ಕೇಳ್ತಾರೆ. ‘ಇಳಿಸು’ ಅನ್ನೋ ಮಾತು ಮಾತ್ರ ಯಾರು ಬೇಕಾದ್ರೂ ಹೇಳಬಹುದು. ಅದು ಕಿವಿಗೆ ಬಿತ್ತಾ, ವಾದ ಇಲ್ಲ, ಯಾಕೆ ಏನು ಇಲ್ಲ. ಇಳಿಸೋದು.”

ಕಿರಿಸೊಸೆ ಸ್ಟ್ರೆಚರಿನ ತಲೆಯ ಕಡೆಗೆ ಹೋಗಿ ಕೂತಳು. ಎದ್ದಳು. ಅಂಗಳ ಸುತ್ತಿದಳು. ಮೆಟ್ಟಿಲು ಹತ್ತಿ ಇಳಿದಳು. ಗಾಡಿಯ ಹಿಂಬಾಗಿಲಿಗೆ ತಂದು, ಮುಂದಿನ ಚಕ್ರ ಒಳಗೆ ಸೇರಿಸಿ, ಅಡಿಯ ಕಾಲು ಮಡಚಿಕೊಳ್ಳುವ ಹಿಡಿ ಒತ್ತಿ, ಒಳಗಿನ ಕೊಕ್ಕೆ ಟಕ್ ಎಂದು ಕಚ್ಚಿಕೊಳ್ಳುವ ತನಕ ನೂಕಿ, ಕಚ್ಚಿಕೊಂಡಿದೆಯೋ ಇಲ್ಲವೋ ಎಂದು ಒಮ್ಮೆ ಎಳೆದು ನೋಡಿದಳು. ಹಾಗೆ ಎಳೆದು ನೋಡಬೇಕೆಂದು ಮೇಷ್ಟ್ರು ಇನ್ನೂ ಹೇಳಿಯೇ ಇರಲಿಲ್ಲ. ಬೊಂಬೆಯ ಹಣೆಯ ಮೇಲಿಟ್ಟಿದ್ದ ನೀರಿನ ಬಟ್ಟಲಲ್ಲಿ ನೀರು ಹಾಗೇ ಇತ್ತು.

“ಇದು ನೋಡ್ರಪ್ಪಾ!” ಎಂದರು ಮೇಷ್ಟ್ರು. “ನೋಡಿ ಕಲೀರಿ. ಇಷ್ಟು ವರ್ಷದಲ್ಲಿ ನಾನು ಹೀಗೆ ಎತ್ತೋರನ್ನ ನೋಡಿಲ್ಲ.”

ಇಷ್ಟು ವರ್ಷದಲ್ಲಿ. ಹಾಗಾದರೆ ತನ್ನನ್ನು? ಹಿರಿಸೊಸೆ ಚಪ್ಪಾಳೆ ತಟ್ಟಿದಳು, ಎಲ್ಲರಿಗಿಂತ ಜೋರಾಗಿಯೇ ತಟ್ಟಿದಳು. ಹೊಟ್ಟೆಯೊಳಗೆ ಮಾತ್ರ ಯಾರೋ ಕೆಂಡದ ಒಲೆಗೆ ಊದುಕೊಳವೆ ಇಟ್ಟಂತಾಯಿತು.

ಮನೆಯಲ್ಲಿ ಬೆಂಕಿಗೆ ಎಣ್ಣೆ ಸುರಿದವರು ಅತ್ತೆ. ಪರೀಕ್ಷೆ ಮುಗಿದ ಮಾರನೆಯ ದಿನವೇ ಹಾಲಿನವನ ಮುಂದೆ, “ನಮ್ಮ ಕಿರಿಸೊಸೆ ಇದಾಳಲ್ಲ, ಒಂದೇ ಏಟಿಗೆ ಪಾಸು! ಹಿರಿಯವಳು ಪಾಪ, ಒಂದ್ಸಲ ಡುಮ್ಕಿ ಹೊಡೆದಿದ್ಲು” ಎಂದು ಶುರು ಮಾಡಿದರು. ಆ ಪಾಪ ಎನ್ನುವ ಮಾತು ಹಿರಿಸೊಸೆಗೆ ಮೀನಿನ ಮುಳ್ಳಿನಂತೆ ಗಂಟಲಲ್ಲಿ ನಿಂತುಬಿಟ್ಟಿತು. ಅಂದು ಈರುಳ್ಳಿ ಹೆಚ್ಚುವಾಗ ಕಣ್ಣಲ್ಲಿ ದಳದಳ ನೀರು.

ಇಬ್ಬರನ್ನೂ ಒಂದೇ ಗಾಡಿಗೆ ಹಾಕಿದ್ದು ಮೇಷ್ಟ್ರು. ಒಂದೇ ಮನೆಯವರು, ಹೊಂದಿಕೊಂಡು ಹೋಗುತ್ತಾರೆ ಎಂದು ಅವರ ಲೆಕ್ಕ. ವಾರಗಿತ್ತಿಯರನ್ನು ಒಂದೇ ಸ್ಟ್ರೆಚರಿಗೆ ಕಟ್ಟಿದರೆ ಏನಾಗುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಮೌನಿಗೆ ಮಾತ್ರ ಒಂದೇ ದಿನದಲ್ಲಿ ಅರ್ಥವಾಗಿಹೋಯಿತು. ಕರೆ ಬಂದ ತಕ್ಷಣ ಹಿರಿಸೊಸೆ ಗಾಡಿಯಿಂದ ಧುಮುಕಿ ಸ್ಟ್ರೆಚರಿನ ತಲೆಯ ಕಡೆ ಹೋಗಿ ನಿಲ್ಲುತ್ತಿದ್ದಳು. ಮಲಗಿದವರ ಭಾರವೆಲ್ಲ ತಲೆ, ಎದೆ, ಸೊಂಟದ್ದು, ಹಾಗಾಗಿ ತಲೆಯ ಕಡೆಯೇ ತೂಕ ಹೆಚ್ಚು. ಅಪ್ಪಣೆಯೂ ಅಲ್ಲಿಂದಲೇ. ಆ ಜಾಗ ಬಿಟ್ಟುಕೊಟ್ಟರೆ ಎಲ್ಲವನ್ನೂ ಬಿಟ್ಟುಕೊಟ್ಟಂತೆ ಅವಳಿಗೆ.

ಕಿರಿಸೊಸೆ ಏನೂ ಅನ್ನದೆ ಕಾಲ ಕಡೆ ಹೋಗುತ್ತಿದ್ದಳು. ಅನ್ನದೇ ಇದ್ದದ್ದೇ ಹಿರಿಸೊಸೆಗೆ ಇನ್ನಷ್ಟು ಉರಿಸುತ್ತಿತ್ತು. ಒಂದು ಸಲವಾದರೂ ಮುಖ ಸಿಂಡರಿಸಬಾರದೇ? ಜಗಳಕ್ಕೆ ಒಂದು ತುದಿಯಾದರೂ ಸಿಗುತ್ತಿತ್ತು. ತಪ್ಪು ಹುಡುಕಲು ಹೊರಟಳು. “ಬೆಲ್ಟ್ ಬಿಗಿಯಾಯ್ತು”, “ಬೆಲ್ಟ್ ಸಡಿಲ ಆಯ್ತು”, “ಬ್ರೇಕ್ ಹಾಕಿದ್ಯಾ ಇಲ್ವಾ?” ಬ್ರೇಕ್ ಹಾಕಿಯೇ ಇರುತ್ತಿತ್ತು. ರೋಗಿಗಳು ಕೂಡ ಒಮ್ಮೊಮ್ಮೆ ಕಣ್ಣೆತ್ತಿ ಆ ಎತ್ತರದ ಹುಡುಗಿಯನ್ನೇ ನೋಡಿ ನಿಟ್ಟುಸಿರು ಬಿಡುತ್ತಿದ್ದರು, ಇವಳಿದ್ದರೆ ಬೀಳುವುದಿಲ್ಲ ಎನ್ನುವಂತೆ. ಕೈ ಹಿಡಿದು ಸಮಾಧಾನ ಹೇಳುತ್ತಿದ್ದವಳು ಹಿರಿಸೊಸೆ. ಧೈರ್ಯ ಮಾತ್ರ ಅವರಿಗೆ ಕಿರಿಸೊಸೆಯನ್ನು ನೋಡಿ!

ಹಿರಿಸೊಸೆ ಮನೆಯ ತಾರಸಿಯ ಮೇಲೆ ಗುಟ್ಟಾಗಿ ಅಭ್ಯಾಸ ಶುರು ಮಾಡಿದಳು. ಅಕ್ಕಿ ಮೂಟೆಯನ್ನು ಎತ್ತುವುದು, ಇಳಿಸುವುದು, ಮತ್ತೆ ಎತ್ತುವುದು. ಮೇಷ್ಟ್ರು ಹೇಳಿದ್ದೆಲ್ಲ ಗೊತ್ತಿತ್ತು. ಹೊಟ್ಟೆಕಿಚ್ಚಿನ ಭರದಲ್ಲಿ ಎಲ್ಲ ಮರೆಯುತ್ತಿತ್ತು. ಒಂದು ಸಂಜೆ ಮೂಟೆಯನ್ನು ಎತ್ತಿ ಹಿಡಿದೇ ಪಕ್ಕಕ್ಕೆ ತಿರುಗಿದಾಗ ಸೊಂಟದಲ್ಲಿ ಚಳಕ್ ಎಂದಿತು. ಮೂಟೆ ಕೈಜಾರಿತು. ಅಲ್ಲೇ ನೀರಿನ ಟ್ಯಾಂಕಿಗೆ ಒರಗಿ ಕೂತು, ನೋವು ಇಳಿಯುವ ತನಕ ಹಲ್ಲು ಕಚ್ಚಿಕೊಂಡಳು.

ಯಾರಿಗೂ ಹೇಳಲಿಲ್ಲ. ಹೇಳಿದರೆ ಸ್ಟ್ರೆಚರಿನಿಂದ ದೂರ ಇಡುತ್ತಾರೆ, ತಲೆಯ ಕಡೆ ಆ ಉದ್ದನೆಯವಳು ನಿಲ್ಲುತ್ತಾಳೆ. ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ನೋವಿನ ಮುಲಾಮು ತಿಕ್ಕಿಕೊಂಡಳು. ಮುಲಾಮಿನ ವಾಸನೆಗೆ ಬಾಗಿಲು ಅಡ್ಡವಾಗುತ್ತದೆಯೇ? ಗಂಡ, “ಏನೇ ಇದು, ಮನೆಯೆಲ್ಲ ಔಷಧಿ ಅಂಗಡಿ ಆಗಿದೆ” ಎಂದ. “ಪಾತ್ರೆ ತೊಳೆಯೋ ಸೋಪು ಬೇರೆ ತಂದಿದೀನಿ” ಎಂದಳು. ಅವನು ನಂಬಿದ. ಒಲೆಯ ಮುಂದೆ ನಿಂತಿದ್ದ ಕಿರಿಸೊಸೆ ತಿರುಗಿ ಒಮ್ಮೆ ನೋಡಿದಳು. ಅವಳು ನಂಬಲಿಲ್ಲ.

“ಅಕ್ಕಾ, ನೋವಿದ್ರೆ ಇವತ್ತು ನಾನು ತಲೆ ಕಡೆ ಹೋಗ್ಲಾ?” ಎಂದು ಮರುದಿನ ಗಾಡಿ ಹತ್ತುವಾಗ ಮೆಲ್ಲನೆ ಕೇಳಿದಳು.

“ಯಾರು ಹೇಳಿದ್ರು ನೋವು ಅಂತ?” ಹಿರಿಸೊಸೆ ಸಿಡುಕಿದಳು. “ನಿನ್ನ ಕೆಲಸ ನೀನು ನೋಡ್ಕೋ.”

ಆ ವಾರವೇ ಬೇಕರಿಯವನ ಮನೆಯಿಂದ ಕರೆ ಬಂತು. ಬೇಕರಿಯ ಮೇಲೆಯೇ ಅವನ ಮನೆ. ಸ್ಟೂಲಿನಿಂದ ಬಿದ್ದು ತೊಡೆಯ ಮೂಳೆ ಮುರಿದಿತ್ತು. ಒಲೆಯಲ್ಲಿ ಉಬ್ಬಿದ ಬ್ರೆಡ್ಡಿನಂಥ ದಪ್ಪ ಮನುಷ್ಯ, ನೋವಿನಲ್ಲೂ ಮಾತು ಬಿಟ್ಟಿರಲಿಲ್ಲ. “ಜೀವಮಾನವೆಲ್ಲ ಹಿಟ್ಟಿನ ಮೂಟೆ ಹೊತ್ತೆ. ಈಗ ನಾನೇ ಮೂಟೆ. ಹೊರ್ರಮ್ಮಾ” ಎಂದ. ಚಕ್ರದ ಸ್ಟ್ರೆಚರ್ ಆ ಇಕ್ಕಟ್ಟಾದ ಮೆಟ್ಟಿಲಲ್ಲಿ ತಿರುಗುವಂತಿರಲಿಲ್ಲ. ಅದನ್ನು ಕೆಳಗೇ ನಿಲ್ಲಿಸಿ, ಕೈಯಲ್ಲಿ ಹೊರುವ ಮಡಚು ಸ್ಟ್ರೆಚರನ್ನು ಮೇಲಕ್ಕೆ ತಂದರು. ಹಿರಿಸೊಸೆ ಅವನ ಕಾಲಿಗೆ ಪಟ್ಟಿ ಕಟ್ಟಿದಳು. ಕಿರಿಸೊಸೆ ಎದೆಗೆ, ಸೊಂಟಕ್ಕೆ, ಮಂಡಿಯ ಮೇಲೆ ಬೆಲ್ಟ್ ಬಿಗಿದಳು.

ಮೆಟ್ಟಿಲಿಳಿಯುವಾಗ ಲೆಕ್ಕ ತಿರುಗುಮುರುಗಾಗುತ್ತದೆ. ಸ್ಟ್ರೆಚರ್ ಇಳಿಜಾರಾದಂತೆ ಭಾರ ಕೆಳಗಿನವರ ಮೇಲೆ ಜರುಗುತ್ತದೆ. ಆದ್ದರಿಂದ ಎತ್ತರದವರು ಕೆಳಗಿರಬೇಕು, ಗಿಡ್ಡನೆಯವರು ಮೇಲೆ. ಆಗಲೇ ಹಾಸಿಗೆ ಸಮವಾಗಿರುತ್ತದೆ. ಇದು ಹೊಸಬರಿಗೂ ಗೊತ್ತಿರುವ ಪಾಠ.

“ನಾನು ಕೆಳಗೆ” ಎಂದಳು ಹಿರಿಸೊಸೆ.

“ಅಕ್ಕಾ, ನಾನು ಉದ್ದ ಇದೀನಿ. ನಾನು…”

“ಉದ್ದ ಇರೋದು ಗೊತ್ತು ಕಣೇ. ದಿನಾ ನೋಡ್ತಾನೇ ಇದೀನಲ್ಲ. ಎತ್ತು.”

ಎತ್ತಿದರು. ಹಿರಿಸೊಸೆ ಹಿಂದು ಹಿಂದಾಗಿ ಇಳಿಯತೊಡಗಿದಳು. ಮೊದಲ ಮೆಟ್ಟಿಲುಗಳು ಹೇಗೋ ಆದವು. ತಿರುವಿನಲ್ಲಿ ಸ್ಟ್ರೆಚರ್ ಓರೆಯಾಗಿ, ಬೇಕರಿಯವನ ಭಾರವೆಲ್ಲ ಒಮ್ಮೆಲೇ ಅವಳ ಮುಂಗೈ ಮೇಲೆ ಬಂತು. ಸೊಂಟದಲ್ಲಿ ಆ ಹಳೆಯ ಚಳಕು. ಈ ಸಲ ಅದು ಬಂದು ಹೋಗಲಿಲ್ಲ, ಅಲ್ಲೇ ನಿಂತಿತು. ಎಡಗಾಲಿನ ಬಲವೇ ಹೋದಂತಾಯಿತು. ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಹೇಳಲಿಲ್ಲ.

ಮೇಲಿನಿಂದ ಕಿರಿಸೊಸೆ ಅವಳ ಮುಖ ನೋಡಿ ಕೂಗಿದಳು. “ಇಳಿಸು!”

ಕೇಳಿಸಿತು. ಸ್ಪಷ್ಟವಾಗಿ ಕೇಳಿಸಿತು. ಅಪ್ಪಣೆ ಕೊಟ್ಟವಳು ಅವಳು ಎನ್ನುವ ಒಂದೇ ಕಾರಣಕ್ಕೆ ಹಿರಿಸೊಸೆ ಇನ್ನೊಂದು ಮೆಟ್ಟಿಲು ಇಳಿಯಲು ಹೋದಳು. ಮೇಲಿನವಳು ಬಗ್ಗಿದ್ದಳು, ಕೆಳಗಿನವಳು ಬಗ್ಗಿರಲಿಲ್ಲ. ಸ್ಟ್ರೆಚರ್ ಒಂದು ಪಕ್ಕಕ್ಕೆ ವಾಲಿತು. ಬೇಕರಿಯವನು ಗೋಡೆಗೆ ಉಜ್ಜಿಕೊಂಡು, ಅಯ್ಯಯ್ಯೋ ಎಂದು ಮನೆ ಹಾರಿಹೋಗುವಂತೆ ಕಿರುಚಿದ. ಬೆಲ್ಟ್‌ಗಳು ಅವನನ್ನು ಹಿಡಿದುಕೊಂಡವು. ಕಿರಿಸೊಸೆ ಗೋಡೆಗೆ ಭುಜ ಕೊಟ್ಟು ತನ್ನ ಕಡೆಯದನ್ನು ಬಿಗಿಯಾಗಿ ಹಿಡಿದು ನಿಂತಳು. ಕೂಗು ಕೇಳಿ ಮೌನಿ ಓಡಿ ಬಂದು ಹಿರಿಸೊಸೆಯ ಬೆನ್ನ ಹಿಂದಿನಿಂದ ಕೈ ಕೊಟ್ಟ. ಜೀವನದಲ್ಲಿ ಮೊದಲ ಬಾರಿ ಅವನು ಒಂದು ಮಾತೂ ಆಡಲಿಲ್ಲ. ಮೂವರೂ ಸೇರಿ ತಿರುವಿನಲ್ಲಿ ಇಳಿಸಿ, ಕಿರಿಸೊಸೆ ಕೆಳಗೆ ಬಂದು, ಮೌನಿ ಮೇಲೆ ಹೋಗಿ, ಉಳಿದ ಮೆಟ್ಟಿಲು ಇಳಿಸಿದರು. ಬೇಕರಿಯವನಿಗೆ ಮೊಣಕೈ ತರಚಿದ್ದು ಬಿಟ್ಟರೆ ಹೊಸದಾಗಿ ಏನೂ ಆಗಿರಲಿಲ್ಲ. ಹಿರಿಸೊಸೆ ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಬಂದಳು. ಯಾರೋ ತನ್ನ ಜಾಗವನ್ನು ಎತ್ತಿಕೊಂಡು ಮುಂದೆ ಮುಂದೆ ಹೋದಂತೆ ಕಂಡಿತು ಅವಳಿಗೆ.

ಕೇಂದ್ರಕ್ಕೆ ಹಿಂತಿರುಗಿದ ಮೇಲೆ ಮೇಷ್ಟ್ರು ಕೇಳಿದರು. “ಏನಾಯ್ತು?”

“ಮೆಟ್ಟಿಲು ಒದ್ದೆ ಇತ್ತು ಸರ್. ಕಾಲು ಜಾರ್ತು” ಎಂದಳು ಹಿರಿಸೊಸೆ.

ಮೌನಿ ಒರೆಸಿದ್ದ ಗಾಡಿಯ ಬಾಗಿಲನ್ನೇ ಮತ್ತೆ ಒರೆಸತೊಡಗಿದ. ಮೇಷ್ಟ್ರು ಕಿರಿಸೊಸೆಯ ಕಡೆ ನೋಡಿದರು.

“ಇಲ್ಲ ಸರ್” ಎಂದಳು ಅವಳು. “ಮೆಟ್ಟಿಲು ಒಣಗಿತ್ತು. ಅಕ್ಕಂಗೆ ಸೊಂಟ ಹಿಡಿದಿದೆ. ಮೊದಲಿಂದಾನೂ ಇದೆ. ನಾನು ಇಳಿಸು ಅಂದೆ, ಅವ್ರು ಇಳಿಸಲಿಲ್ಲ.”

ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. “ವ್ಯಾಯಾಮದ ಡಾಕ್ಟರಮ್ಮನ ಹತ್ರ ತೋರಿಸ್ಕೋ. ಸೊಂಟ ಸರಿಹೋಗೋ ತನಕ ಫೋನ್ ಹತ್ರ ಕೂತ್ಕೋ” ಎಂದರು, ಅಷ್ಟೆ.

ಮನೆಗೆ ಬಂದ ಮೇಲೆ ಅಡುಗೆಮನೆಯಲ್ಲಿ ಹಿರಿಸೊಸೆ ಬಾಯಿಗೆ ಬಂದದ್ದೆಲ್ಲ ಅಂದಳು. ಉಂಡ ಮನೆಯ ಗುಟ್ಟನ್ನು ಬೀದಿಗೆ ಹಾಕಿದವಳು, ಒಳಗೊಳಗೇ ಕತ್ತಿ ಮಸೆದವಳು, ನಿನ್ನ ಮನಸ್ಸಿನ ಹಾಗೇ ಆಯ್ತಲ್ಲ, ಹಾಲು ಕುಡಿದಷ್ಟು ಸಂತೋಷ ಆಯ್ತಾ ಈಗ? ಕಿರಿಸೊಸೆ ಸೌಟು ಹಿಡಿದುಕೊಂಡು ಎಲ್ಲ ಕೇಳಿದಳು. ಅತ್ತೆ ಬಾಗಿಲವರೆಗೆ ಬಂದು, ಇಬ್ಬರ ಮುಖ ನೋಡಿ, ಹಿಂದಕ್ಕೆ ಹೋದರು.

ಅಲ್ಲಿಂದ ಮುಂದೆ ಇಬ್ಬರಿಗೂ ಮಾತಿಲ್ಲ. ಕಿರಿಸೊಸೆ ಬೆಳಿಗ್ಗೆ ಗಾಡಿ ಹತ್ತಿ ಹೋಗುವುದನ್ನು ಹಿರಿಸೊಸೆ ಫೋನಿನ ಕೋಣೆಯ ಕಿಟಕಿಯಿಂದ ನೋಡುತ್ತಿದ್ದಳು. ಬಟ್ಟೆ ಒಣಗುವ ಹಗ್ಗದ ಮೇಲೆ ಈಗ ಒಂದೇ ಸಮವಸ್ತ್ರ, ಉದ್ದ ತೋಳಿನದು. ಕಿರಿಸೊಸೆಗೆ ಹೊಸ ಜೊತೆಗಾರ ಬಂದಿದ್ದ, ಮುಂಚೆ ಲಾರಿಗೆ ಸಾಮಾನು ತುಂಬಿಸುತ್ತಿದ್ದವನು. ಬಲಕ್ಕೆ ಕಡಿಮೆಯಿಲ್ಲ, ತಾಳ್ಮೆಗೆ ಬರ. ಎತ್ತು ಎನ್ನುವ ಮೊದಲೇ ಎತ್ತಿಬಿಡುತ್ತಾನೆ, ಸ್ಟ್ರೆಚರ್ ಕಾಲ ಕಡೆ ಮೇಲೆ ಹೋಗಿ ತಲೆ ಕಡೆ ಕೆಳಗುಳಿಯುತ್ತದೆ ಎಂದು ಮೌನಿ ಬಂದು ವರದಿ ಒಪ್ಪಿಸಿದ. ಅದನ್ನು ಕೇಳಿದ ದಿನ ಹಿರಿಸೊಸೆ ಹೊಟ್ಟೆ ತುಂಬಾ ಊಟ ಮಾಡಿದಳು. ನನ್ನಂಥ ಜೊತೆ ಎಲ್ಲಿ ಸಿಗುತ್ತೆ, ಅನುಭವಿಸಲಿ, ಅಂದುಕೊಂಡಳು.

ವ್ಯಾಯಾಮದ ಡಾಕ್ಟರಮ್ಮ ನೆಲದ ಮೇಲೆ ಮಲಗಿಸಿ ಹೊಟ್ಟೆಯ ಸ್ನಾಯು ಬಿಗಿ ಹಿಡಿಯುವುದನ್ನು, ಮಂಡಿಯನ್ನು ಎದೆಗೆ ತರುವುದನ್ನು ಕಲಿಸಿದಳು. ಭಾರ ಎತ್ತುವುದಿರಲಿ, ಪೊರಕೆ ಹಿಡಿಯುವುದಕ್ಕೂ ಒಂದು ಕ್ರಮ ಹೇಳಿಕೊಟ್ಟಳು. ಹಿರಿಸೊಸೆ ತಪ್ಪದೆ ಮಾಡಿದಳು. ಸೊಂಟದ ಮೇಲಿನ ಪ್ರೀತಿಗಿಂತ ತಲೆಯ ಕಡೆಯ ಆ ಜಾಗದ ಮೇಲಿನ ಆಸೆಯೇ ಅವಳನ್ನು ದಿನಾ ಚಾಪೆಗೆ ಎಳೆದು ತರುತ್ತಿತ್ತು.

ಹೀಗಿರುವಾಗ ಒಂದು ಅಭ್ಯಾಸದ ದಿನ ಮರಳಿನ ಬೊಂಬೆ ಹೊಟ್ಟೆ ಒಡೆದುಕೊಂಡು ಅಂಗಳವೆಲ್ಲ ಮರಳಾಯಿತು. ಮೇಷ್ಟ್ರು ಫೋನಿನ ಕೋಣೆಯ ಬಾಗಿಲಿಗೆ ಬಂದರು.

“ಒಂದ್ಸಲ ಬಂದು ಮಲಗ್ತೀಯೇನಮ್ಮಾ? ಬೊಂಬೆ ಸತ್ತುಹೋಯ್ತು.”

ಇಲ್ಲ ಎನ್ನಲು ಕಾರಣ ಸಿಗಲಿಲ್ಲ. ಹೋಗಿ ಮಲಗಿದಳು. ಎಷ್ಟೋ ವರ್ಷ ಎಷ್ಟೋ ಜನರನ್ನು ಆ ಹಾಸಿಗೆಗೆ ಮಲಗಿಸಿದ್ದವಳು, ತಾನು ಅದರ ಮೇಲೆ ಬೆನ್ನು ಊರಿದ್ದು ಅದೇ ಮೊದಲು. ಬೆಲ್ಟ್ ಬಿಗಿದರು. ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಮೇಲೆ ಆಕಾಶ, ಆಕಾಶಕ್ಕೆ ಅಡ್ಡವಾಗಿ ತಲೆಕೆಳಗಾದ ಒಂದು ಮುಖ, ಕಿರಿಸೊಸೆಯದು. ಕಾಲ ಕಡೆ ಹೊಸಬ.

“ಈಗ ಎತ್ತುತ್ತೀವಿ. ಸ್ವಲ್ಪ ಅಲುಗಾಡುತ್ತೆ, ಹೆದರಬೇಡಿ, ನಾವಿದೀವಿ” ಎಂದಿತು ಆ ಮುಖ.

ಹಿರಿಸೊಸೆಯ ಮೈ ಉರಿದುಹೋಯಿತು. ಅದು ತನ್ನ ಮಾತು! ರೋಗಿಗಳಿಗೆ ತಾನು ಹೇಳುತ್ತಿದ್ದ ಮಾತು, ಅದೇ ರಾಗ, ಕೊನೆಯಲ್ಲಿ ‘ನಾವಿದೀವಿ’ ಎಂದು ಮೆತ್ತಗೆ ಇಳಿಸುವುದೂ ಅದೇ. ಜಾಗ ತೆಗೆದುಕೊಂಡದ್ದು ಸಾಲದೆಂದು ಮಾತನ್ನೂ ಕದ್ದಿದ್ದಾಳೆ.

ಅಷ್ಟರಲ್ಲಿ ಹೊಸಬ ಅಭ್ಯಾಸಬಲದಿಂದ ಮೊದಲೇ ಎತ್ತಿಬಿಟ್ಟ. ಹಿರಿಸೊಸೆಯ ಕಾಲು ಮೇಲಾಗಿ, ರಕ್ತವೆಲ್ಲ ತಲೆಗೆ ನುಗ್ಗಿ, ನೆಲ ಎಲ್ಲಿದೆ ಎನ್ನುವುದೇ ತಪ್ಪಿಹೋಯಿತು. ಕೈಕಾಲು ಬೆಲ್ಟಿನೊಳಗೆ ಸಿಕ್ಕಿಕೊಂಡಿದ್ದವು. ಬೀಳುತ್ತೇನೆ ಎಂದುಕೊಂಡಳು. ಬೀಳುವುದು ಗೊತ್ತಿದ್ದೂ ಏನೂ ಮಾಡಲಾಗದೆ ಇರುವುದು ಹೇಗಿರುತ್ತದೆ ಎಂದು ಆಗ ತಿಳಿಯಿತು. ಬೇಕರಿಯವನ ಕಿರುಚಾಟ ಕಿವಿಯಲ್ಲೇ ಕೇಳಿದಂತಾಯಿತು.

“ಇಳಿಸು” ಎಂದಳು ಕಿರಿಸೊಸೆ, ಜೋರಾಗಿ ಅಲ್ಲ, ಗಟ್ಟಿಯಾಗಿ. ಹೊಸಬ ಇಳಿಸುವ ತನಕ ಭಾರವನ್ನು ತನ್ನ ಎದೆಗೆ ಒತ್ತಿಕೊಂಡು ನಿಂತಳು. ಹಿರಿಸೊಸೆ ಕೆಳಗಿನಿಂದ ನೋಡುತ್ತಿದ್ದಳು. ಅವಳ ಗಲ್ಲದ ಅಡಿ ನರ ಎದ್ದಿತ್ತು, ತೋಳು ನಡುಗುತ್ತಿತ್ತು, ಹಣೆಯ ಬೆವರ ಹನಿಯೊಂದು ಟಪ್ಪೆಂದು ಹಿರಿಸೊಸೆಯ ಕೆನ್ನೆಗೆ ಬಿತ್ತು. ನಿಂತು ನೋಡುವವರಿಗೆ ನೀರು ಕುಡಿದಷ್ಟು ಸಲೀಸಾಗಿ ಕಾಣುತ್ತಿದ್ದ ಕೆಲಸ, ಇಲ್ಲಿ ಮಲಗಿ ನೋಡಿದರೆ ಹಾಗಿರಲಿಲ್ಲ. ಸ್ಟ್ರೆಚರ್ ಮಾತ್ರ ವಾಲಲಿಲ್ಲ. ಎಷ್ಟು ಚೆನ್ನಾಗಿ ಹಿಡಿದಿದ್ದಾಳೆ ಎಂದು ಹಿರಿಸೊಸೆಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ಮತ್ತಷ್ಟು ಹೊಟ್ಟೆ ಉರಿಯಿತು. ಆದರೂ ಎರಡನೇ ಸಲ ಎತ್ತಿದಾಗ ಕಣ್ಣು ಮುಚ್ಚಿಕೊಂಡಳು, ಬೆಲ್ಟಿನ ಅಂಚನ್ನು ಹಿಡಿದಿದ್ದ ಬೆರಳುಗಳು ಸಡಿಲವಾದವು.

ಅಭ್ಯಾಸ ಮುಗಿದು ಎಲ್ಲರೂ ಚಹಾಕ್ಕೆ ಹೋದರು. ಕಿರಿಸೊಸೆ ಚೆಲ್ಲಿದ್ದ ಮರಳು ಗುಡಿಸುತ್ತಿದ್ದಳು. ಹಿರಿಸೊಸೆ ಸ್ಟ್ರೆಚರಿನ ಮೇಲೆ ಕೂತೇ ಇದ್ದಳು. ಇಷ್ಟು ದಿನದ ಮೇಲೆ ಮೊದಲ ಮಾತು ಅವಳೇ ಆಡಿದಳು.

“ಅವತ್ತು ನೀನು ಇಳಿಸು ಅಂದಿದ್ದು ನಂಗೆ ಕೇಳಿಸಿತ್ತು.”

“ಗೊತ್ತು ಅಕ್ಕಾ.”

“ಗೊತ್ತಾ?”

“ಮುಖ ಕಾಣ್ತಿತ್ತಲ್ಲ.” ಕಿರಿಸೊಸೆ ಪೊರಕೆ ನಿಲ್ಲಿಸಿದಳು. “ನಾನೂ ಒಂದು ಹೇಳ್ಲಾ? ನೀವು ಬೈಬಾರದು.”

“ಹೇಳು.”

“ಮೇಷ್ಟ್ರ ಹತ್ರ ನಾನು ಹೇಳಿದ್ದು ಸತ್ಯಾನೇ. ಆದ್ರೆ ಹೇಳುವಾಗ ಖುಷಿ ಆಯ್ತು.”

ಹಿರಿಸೊಸೆ ಕಣ್ಣು ಬಿಟ್ಟುಕೊಂಡು ನೋಡಿದಳು.

“ನಾನು ಮದುವೆ ಆಗಿ ಬಂದ ದಿನದಿಂದ ಅತ್ತೆ ಬಾಯಲ್ಲಿ ಒಂದೇ ಮಾತು. ನೋಡು ಹಿರಿಯವಳನ್ನ, ಹೇಗೆ ಕೆಲಸ ಮಾಡ್ತಾಳೆ. ನೋಡು ಹಿರಿಯವಳನ್ನ, ಜನ ಹೇಗೆ ಮರ್ಯಾದೆ ಕೊಡ್ತಾರೆ. ನಾನು ಏನು ಮಾಡಿದ್ರೂ ಪಾತ್ರೆ ಇಳಿಸೋಕೆ ಮಾತ್ರ ಬೇಕಾಗಿದ್ದೆ. ಈ ಕೆಲಸಕ್ಕೆ ಬಂದಿದ್ದೇ ನಿಮ್ಮನ್ನ ಸೋಲಿಸಬೇಕು ಅಂತ. ಮೊದಲನೇ ಸಲವೇ ಪಾಸಾಗಬೇಕು ಅಂತ ಅಂಗಳದಲ್ಲಿ ನೀವು ಎತ್ತೋದನ್ನ ಕಾಂಪೌಂಡ್ ಹೊರಗೆ ನಿಂತು ಕದ್ದು ನೋಡಿ ಕಲಿತೆ. ಆ ಕೊಕ್ಕೆ ಎಳೆದು ನೋಡೋದೂ ನಿಮ್ಮದೇ.”

ಹಿರಿಸೊಸೆಗೆ ಕೋಪ ಬರಬೇಕಾಗಿತ್ತು. ಅದರ ಬದಲು ಎದೆಯ ಮೇಲಿನ ಬೆಲ್ಟನ್ನು ಯಾರೋ ಈಗ ಬಿಚ್ಚಿದಂತಾಯಿತು. ಇಷ್ಟು ದಿನ ಇವಳನ್ನು ನೋಡಿ ತಾನು ಬೇಯುತ್ತಿದ್ದರೆ, ಅದಕ್ಕೂ ಮೊದಲೇ ತನ್ನನ್ನು ನೋಡಿ ಇವಳು ಬೆಂದಿದ್ದಳು! ತನ್ನನ್ನು ನೋಡಿ ಒಬ್ಬರು ಹೊಟ್ಟೆಕಿಚ್ಚು ಪಟ್ಟಿದ್ದಾರೆ ಎನ್ನುವುದು ಎಂಥ ತಂಪಾದ ಸುದ್ದಿ ಎಂದು ಅವಳಿಗೆ ಮೊದಲ ಸಲ ಗೊತ್ತಾಯಿತು.

“ಎಷ್ಟು ದಿನ ಇತ್ತು ನಿಂಗೆ ಹೊಟ್ಟೆಕಿಚ್ಚು?” ಎಂದು ಕೇಳಿದಳು, ಆಸೆಯಿಂದಲೇ.

“ಇತ್ತು ಅಂತ ಯಾಕೆ ಅಂತೀರಾ? ಈಗಲೂ ಇದೆ. ರೋಗಿಗಳು ಇಳಿಯುವಾಗ ನಿಮ್ಮ ಕೈ ಬಿಡಲ್ಲ. ನನ್ನ ಕೈ ಯಾರೂ ಹಿಡ್ಕೊಳಲ್ಲ, ಬರೀ ಸ್ಟ್ರೆಚರ್ ಹಿಡ್ಕೊ ಅಂತಾರೆ.”

ಹಿರಿಸೊಸೆಗೆ ನಗು ಬಂತು. ತಡೆದುಕೊಳ್ಳಲು ನೋಡಿದಳು, ಸೊಂಟ ಹಿಡಿದುಕೊಂಡು ನಕ್ಕಳು. ಕಿರಿಸೊಸೆ ನಗಲಿಲ್ಲ. ಗುಡಿಸಿದ ಮರಳನ್ನು ಮೊರಕ್ಕೆ ತುಂಬುತ್ತಾ, “ನಗೋದೇನು ಬಂತು ಇದರಲ್ಲಿ” ಎಂದು ಗೊಣಗಿದಳು.

ಹಿರಿಸೊಸೆ ಮತ್ತೆ ಪರೀಕ್ಷೆ ಕೊಟ್ಟಳು. ಪಾಸಾದಳು, ಅಂಚಿನಲ್ಲಿ. ಮೆಟ್ಟಿಲಿನ ಕೊನೆಯಲ್ಲಿ ಮುಂಗೈ ನಡುಗಿದಾಗ ತಾನೇ ಮೊದಲು ‘ಇಳಿಸು’ ಎಂದಳು. ಹಾಗೆ ಅಂದದ್ದಕ್ಕೇ ಮೇಷ್ಟ್ರು ಪಾಸು ಮಾಡಿದ್ದು ಎಂದು ಮೌನಿ ಆಮೇಲೆ ಊರಿಗೆಲ್ಲ ಹೇಳಿದ. ಲಾರಿಯವನನ್ನು ಮತ್ತೆ ತರಬೇತಿಗೆ ಕಳಿಸಿ, ವಾರಗಿತ್ತಿಯರಿಬ್ಬರನ್ನೂ ಒಂದೇ ಗಾಡಿಗೆ ಹಾಕಿದರು. ಮೆಟ್ಟಿಲಿದ್ದ ಕಡೆ ಉದ್ದನೆಯವಳು ಕೆಳಗೆ, ಗಿಡ್ಡನೆಯವಳು ಮೇಲೆ, ಅದರಲ್ಲಿ ಮಾತೇ ಇಲ್ಲ. ಸಮ ನೆಲದಲ್ಲಿ ಒಂದು ಸಲ ಇವಳು ತಲೆಯ ಕಡೆ, ಒಂದು ಸಲ ಅವಳು, ಹಾಗೆಂದು ಒಪ್ಪಂದ.

ಹೊಟ್ಟೆಕಿಚ್ಚು ಹೋಯಿತೇ ಎಂದರೆ, ಎಲ್ಲಿ ಹೋಗುತ್ತದೆ? ಅತ್ತೆ ಒಬ್ಬಳನ್ನು ಹೊಗಳಿದರೆ ಇನ್ನೊಬ್ಬಳ ಸೌಟು ಈಗಲೂ ಜೋರಾಗಿ ಸದ್ದು ಮಾಡುತ್ತದೆ. ಆದರೆ ಇಬ್ಬರೂ ಅದನ್ನು ಬಚ್ಚಿಡುವ ಕಷ್ಟ ಬಿಟ್ಟಿದ್ದಾರೆ. “ಉರೀತಿದೆಯಾ?” ಎಂದು ಒಬ್ಬಳು ಕೇಳುತ್ತಾಳೆ. “ಹೂಂ, ಚೆನ್ನಾಗಿ” ಎನ್ನುತ್ತಾಳೆ ಇನ್ನೊಬ್ಬಳು.

ಮೊನ್ನೆ ಒಬ್ಬ ಅಜ್ಜಿಯನ್ನು ಆಸ್ಪತ್ರೆಗೆ ಒಯ್ಯಬೇಕಾಗಿತ್ತು. ನೆಲಮಹಡಿಯ ಮನೆ, ಅಗಲವಾದ ಬಾಗಿಲು, ಮೆಟ್ಟಿಲಿಲ್ಲ. ಅಜ್ಜಿಗೆ ಬೆಲ್ಟ್ ಬಿಗಿದು, ಬ್ರೇಕ್ ನೋಡಿ ಇಬ್ಬರೂ ಒಟ್ಟಿಗೆ ತಲೆಯ ಕಡೆ ಬಂದು ನಿಂತರು.

“ಬೆಳಿಗ್ಗೆ ನೀನೇ ಇದ್ದೆ” ಎಂದಳು ಹಿರಿಸೊಸೆ, ಪಿಸುದನಿಯಲ್ಲಿ.

“ಅದು ನಿನ್ನೆ ಬಾಕಿದು ಅಕ್ಕಾ. ಇವತ್ತಿನದು ಇದು.”

“ನಿನ್ನೆ ಎಲ್ಲಿ ಬಾಕಿ? ನಿನ್ನೆ ಮೆಟ್ಟಿಲಿತ್ತು, ಅದು ಲೆಕ್ಕಕ್ಕಿಲ್ಲ.”

ಅಜ್ಜಿ ಕಂಬಳಿಯಿಂದ ಮುಖ ಹೊರಗೆ ಹಾಕಿ ಇಬ್ಬರನ್ನೂ ನೋಡಿದಳು. “ಯಾರಾದ್ರೂ ಒಬ್ರು ಎತ್ರವ್ವಾ. ನಾನು ಇವತ್ತೇ ಹೋಗಬೇಕು ಆಸ್ಪತ್ರೆಗೆ” ಎಂದಳು. ಬಾಗಿಲಲ್ಲಿ ನಿಂತಿದ್ದ ಮೌನಿ ಗಹಗಹಿಸಿದ. ಹಿರಿಸೊಸೆ ತುಟಿ ಕಚ್ಚಿಕೊಂಡು ಕಾಲ ಕಡೆಗೆ ನಡೆದಳು, ಸಂಜೆಯ ಮೊದಲ ಕರೆ ತನ್ನದೇ ಎಂದು ಬೆರಳು ತೋರಿಸಿ ಎಚ್ಚರಿಸುತ್ತಾ. ಮಂಡಿ ಬಗ್ಗಿಸಿ, ಬೆನ್ನು ನೇರ ಮಾಡಿ, ಹಿಡಿ ಹಿಡಿದುಕೊಂಡು, ಆ ಕಡೆಯಿಂದ ಅಪ್ಪಣೆ ಬರುವುದನ್ನು ಕಾಯುತ್ತಾ ಕೂತಳು.